ಲಘು ವಿಮಾನಗಳಲ್ಲಿ ವ್ಯಾಕ್ಯೂಮ್ ವ್ಯವಸ್ಥೆಯ ವೈಫಲ್ಯ

ವ್ಯಾಕ್ಯೂಮ್ ವ್ಯವಸ್ಥೆಯ ವೈಫಲ್ಯವು ಖಾಸಗಿ ಲಘು ವಿಮಾನಗಳಲ್ಲಿ ಹಾರಾಟದ ನಡುವೆ ಸಂಭವಿಸಬಹುದಾದ ಉಪಕರಣ ದೋಷಗಳಲ್ಲಿ ಒಂದು. ಎಂಜಿನ್ನಿನಿಂದ ಚಾಲಿತವಾದ ಪಂಪು ನಿಂತುಹೋದಾಗ, ಅದು ಎಳೆಯುವ ಗಾಳಿಯ ಬಲದಿಂದ ತಿರುಗುತ್ತಿದ್ದ ಗೈರೊಸ್ಕೋಪುಗಳು ವೇಗ ಕಳೆದುಕೊಳ್ಳುತ್ತವೆ. ಅವುಗಳನ್ನು ಅವಲಂಬಿಸಿರುವ ಕೃತಕ ದಿಗಂತ ಮತ್ತು ದಿಕ್ಕು ಸೂಚಕಗಳು ತಪ್ಪು ಮಾಹಿತಿ ನೀಡತೊಡಗುತ್ತವೆ. ಎಂಜಿನ್, ರೆಕ್ಕೆ, ನಿಯಂತ್ರಣ ಫಲಕಗಳು ಸುಸ್ಥಿತಿಯಲ್ಲಿಯೇ ಇರುತ್ತವೆ. ಹಗಲಿನ ತಿಳಿಯಾದ ಆಕಾಶದಲ್ಲಿ ಇದೊಂದು ಅನನುಕೂಲವಷ್ಟೆ. ಹೊರಗಿನ ದಿಗಂತ ಕಾಣದ ಮೋಡದೊಳಗೆ ಅಥವಾ ಕಗ್ಗತ್ತಲಿನಲ್ಲಿ ಇದೇ ದೋಷ ಪ್ರಾಣಾಪಾಯವನ್ನು ತರಬಲ್ಲದು.

ವ್ಯವಸ್ಥೆಯ ರಚನೆ

ಕೇವಲ ಉಪಕರಣಗಳನ್ನು ನೋಡಿ ವಿಮಾನ ಹಾರಿಸಬಹುದೆಂಬುದನ್ನು ಜಿಮ್ಮಿ ಡೂಲಿಟಲ್ 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಮಿಚೆಲ್ ಫೀಲ್ಡ್‌ನಲ್ಲಿ ತೋರಿಸಿಕೊಟ್ಟರು. ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕುಳಿತು ಅವರು ಮೇಲೇರಿ, ಸುತ್ತುಹಾಕಿ, ಕೆಳಗಿಳಿದರು. ಆ ವಿಮಾನದಲ್ಲಿದ್ದ ಕೃತಕ ದಿಗಂತ ಮತ್ತು ದಿಕ್ಕಿನ ಗೈರೊ ಮುಂದೆ ಲಘು ವಿಮಾನಗಳಿಗೂ ಬಂದವು.

ಇಂತಹ ವಿಮಾನಗಳ ಸಾಂಪ್ರದಾಯಿಕ ಫಲಕದಲ್ಲಿ ಆರು ಮುಖ್ಯ ಉಪಕರಣಗಳಿರುತ್ತವೆ. ವೇಗಸೂಚಕ, ಆಲ್ಟಿಮೀಟರ್ ಮತ್ತು ಏರಿಳಿತ ಸೂಚಕಗಳು ಹೊರಗಿನ ಗಾಳಿಯ ಒತ್ತಡವನ್ನು ಅಳೆಯುತ್ತವೆ. ಕೃತಕ ದಿಗಂತ ಮತ್ತು ದಿಕ್ಕು ಸೂಚಕಗಳು ಸಾಮಾನ್ಯವಾಗಿ ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ತಿರುವು ಸೂಚಕವು ಬಹುತೇಕ ವಿದ್ಯುತ್ತಿನಿಂದ ನಡೆಯುತ್ತದೆ. ಒಂದು ಶಕ್ತಿಮೂಲ ಕೈಕೊಟ್ಟರೂ ಇನ್ನೊಂದು ಉಳಿಯಲೆಂದೇ ಈ ಹಂಚಿಕೆ.

ಹಳೆಯ ಪಂಪುಗಳಿಗೆ ಎಂಜಿನ್ನಿನ ಎಣ್ಣೆಯೇ ಜಾರಕವಾಗಿತ್ತು. ಅವು ನಿಧಾನವಾಗಿ ಸವೆಯುತ್ತಿದ್ದವು. ನಂತರ ಬಳಕೆಗೆ ಬಂದ ಒಣ ಪಂಪುಗಳಲ್ಲಿ ಗ್ರಾಫೈಟಿನ ಅಲಗುಗಳು ತಾವೇ ಸವೆದು ಜಾರಕವನ್ನು ಒದಗಿಸುತ್ತವೆ. ಇವು ಹಗುರ, ಸ್ವಚ್ಛ. ಆದರೆ ಬಹಳಷ್ಟು ಬಾರಿ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಮುರಿಯುತ್ತವೆ.

ಅಪಾಯದ ಸ್ವರೂಪ

ಪಂಪು ತಟ್ಟನೆ ನಿಂತರೂ ಗೈರೊ ತಟ್ಟನೆ ನಿಲ್ಲುವುದಿಲ್ಲ. ಅದರ ವೇಗ ಕೆಲವು ನಿಮಿಷಗಳ ಅವಧಿಯಲ್ಲಿ ಇಳಿಯುತ್ತದೆ, ಕೃತಕ ದಿಗಂತದ ಚಿತ್ರ ಅಷ್ಟೇ ನಿಧಾನವಾಗಿ ಒಂದು ಬದಿಗೆ ವಾಲುತ್ತದೆ. ಅದನ್ನು ನಂಬಿದ ಪೈಲಟ್ ಚಿತ್ರವನ್ನು ಸಮತಟ್ಟಾಗಿಡಲು ಹೋಗಿ ನೇರವಾಗಿದ್ದ ವಿಮಾನವನ್ನೇ ವಾಲಿಸುತ್ತಾನೆ. ಪೂರ್ತಿ ಕೆಟ್ಟ ಉಪಕರಣಕ್ಕಿಂತ ಅರ್ಧ ಕೆಟ್ಟ ಉಪಕರಣ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದೊರೆಯುವುದು ಕಷ್ಟ.

ಈ ಹೊತ್ತಿನಲ್ಲಿ ದೇಹದ ಅನುಭವವೂ ನೆರವಿಗೆ ಬರುವುದಿಲ್ಲ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ತಿರುಗುವಿಕೆಯ ಬದಲಾವಣೆಯನ್ನು ಮಾತ್ರ ಗುರುತಿಸುತ್ತವೆ. ಒಂದೇ ಸಮನೆ ತಿರುಗುತ್ತಿರುವ ವಿಮಾನದಲ್ಲಿ ಸ್ವಲ್ಪ ಹೊತ್ತಿನ ಬಳಿಕ ನೇರವಾಗಿ ಹೋಗುತ್ತಿರುವಂತೆಯೇ ಭಾಸವಾಗುತ್ತದೆ. ವಾಲಿದ ವಿಮಾನ ಎತ್ತರ ಕಳೆದುಕೊಳ್ಳುವುದನ್ನು ಕಂಡ ಪೈಲಟ್ ಮೂತಿಯನ್ನು ಎತ್ತಲು ನಿಯಂತ್ರಣ ದಂಡವನ್ನು ಎಳೆದರೆ ತಿರುವು ಇನ್ನಷ್ಟು ಬಿಗಿಯಾಗುತ್ತದೆ. ವೇಗ ಏರುತ್ತ, ಸುರುಳಿ ಕಿರಿದಾಗುತ್ತ ಹೋಗುವ ಈ ಇಳಿತಕ್ಕೆ ವೈಮಾನಿಕರು ಮರಣ ಸುರುಳಿ ಎನ್ನುತ್ತಾರೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಉಪಕರಣ ಹಾರಾಟದ ತರಬೇತಿ ಇಲ್ಲದ 20 ಪೈಲಟ್‌ಗಳನ್ನು, ಹೊರಗಿನ ನೋಟವನ್ನು ಮರೆಮಾಡಿ, ಪರೀಕ್ಷೆಗೆ ಒಳಪಡಿಸಿದರು. ಅವರೆಲ್ಲರೂ ನಿಯಂತ್ರಣ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡುಗಳು. ಈ ಅಂಕಿಯನ್ನು ಹಾರಾಟದ ಬೋಧಕರು ಇಂದಿಗೂ ಉಲ್ಲೇಖಿಸುತ್ತಾರೆ.

ನಿರ್ವಹಣೆ

ಮೊದಲ ಕೆಲಸ ದೋಷವನ್ನು ಗುರುತಿಸುವುದು. ಕೃತಕ ದಿಗಂತವು ವಾಲಿಕೆ ತೋರಿಸುತ್ತಿದ್ದು, ತಿರುವು ಸೂಚಕ ಮತ್ತು ಕಾಂತೀಯ ದಿಕ್ಸೂಚಿಗಳು ನೇರ ಹಾರಾಟವನ್ನು ತೋರಿಸಿದರೆ ಸಂಶಯಿಸಬೇಕಾದದ್ದು ಕೃತಕ ದಿಗಂತವನ್ನು. ವ್ಯಾಕ್ಯೂಮ್ ಮಾಪಕವು ಇದನ್ನು ಖಚಿತಪಡಿಸುತ್ತದೆ. ಇದರ ಸಾಮಾನ್ಯ ಅಳತೆ ಪಾದರಸದ 4.5ರಿಂದ 5.5 ಅಂಗುಲಗಳಷ್ಟಿರುತ್ತದೆ. ಆದರೆ ಅನೇಕ ವಿಮಾನಗಳಲ್ಲಿ ಈ ಪುಟ್ಟ ಮಾಪಕ ಫಲಕದ ಮೂಲೆಯಲ್ಲೆಲ್ಲೋ ಇರುತ್ತದೆ.

ಕೆಟ್ಟ ಉಪಕರಣವನ್ನು ಕೂಡಲೇ ಮುಚ್ಚಬೇಕು. ಒಂದು ಕಾಗದದ ಚೂರು ಸಾಕು. ಸುಳ್ಳೆಂದು ತಿಳಿದಿದ್ದರೂ ಅಭ್ಯಾಸಬಲದಿಂದ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುವುದರಿಂದ ಈ ಸಣ್ಣ ಕ್ರಮಕ್ಕೆ ದೊಡ್ಡ ಬೆಲೆಯಿದೆ. ಸ್ವಯಂಚಾಲಿತ ಪೈಲಟ್ ಅದೇ ಗೈರೊವನ್ನು ಅವಲಂಬಿಸಿದ್ದರೆ ಅದನ್ನೂ ಕಳಚಬೇಕು. ಬಳಿಕ ತಿರುವು ಸೂಚಕದಿಂದ ರೆಕ್ಕೆಗಳನ್ನು, ವೇಗಸೂಚಕ ಮತ್ತು ಆಲ್ಟಿಮೀಟರ್‌ಗಳಿಂದ ಮೂತಿಯ ಸ್ಥಿತಿಯನ್ನು ಕಾಯ್ದುಕೊಳ್ಳಬೇಕಾಗುತ್ತದೆ. ಸುರುಳಿಗೆ ಸಿಲುಕಿದ್ದರೆ ಕ್ರಮ ಮುಖ್ಯ: ಎಂಜಿನ್ ಶಕ್ತಿ ತಗ್ಗಿಸಿ, ಮೊದಲು ರೆಕ್ಕೆಗಳನ್ನು ಸಮಗೊಳಿಸಿ, ಅನಂತರವೇ ಮೂತಿಯನ್ನು ಮೃದುವಾಗಿ ಎತ್ತಬೇಕು.

ಕಾಂತೀಯ ದಿಕ್ಸೂಚಿಯು ತಿರುವಿನಲ್ಲಿ ತಪ್ಪು ತೋರಿಸುತ್ತದೆ. ಆದ್ದರಿಂದ ಪೈಲಟ್ ಗಡಿಯಾರ ನೋಡಿ ತಿರುಗುತ್ತಾನೆ. ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿದರೆ ಹಿಮ್ಮುಖವಾಗಲು ಒಂದು ನಿಮಿಷ ಬೇಕು.

ವಾಯು ಸಂಚಾರ ನಿಯಂತ್ರಕರಿಗೆ ತಡಮಾಡದೆ ತಿಳಿಸುವುದು ಸಂಕೋಚದ ವಿಷಯವಾಗಬಾರದು. ರೇಡಾರ್ ಇರುವಲ್ಲಿ ನಿಯಂತ್ರಕರು ಗೈರೊರಹಿತ ಮಾರ್ಗದರ್ಶನವನ್ನು ನೀಡಬಲ್ಲರು: ದಿಕ್ಕಿನ ಅಂಕಿ ಹೇಳುವ ಬದಲು ‘ಎಡಕ್ಕೆ ತಿರುಗಿ’, ‘ತಿರುವು ನಿಲ್ಲಿಸಿ’ ಎಂದಷ್ಟೇ ಸೂಚಿಸುತ್ತ ವಿಮಾನವನ್ನು ರನ್‌ವೇಯತ್ತ ತರುತ್ತಾರೆ. ಹತ್ತಿರದಲ್ಲಿ ಮೋಡರಹಿತ ಪ್ರದೇಶವಿದ್ದರೆ ಅತ್ತ ಹೋಗುವುದು ಇದಕ್ಕಿಂತಲೂ ಉತ್ತಮ.

2000ದ ಅಪಘಾತ

2000ದ ಅಕ್ಟೋಬರ್ 16ರ ರಾತ್ರಿ ಮಿಸೌರಿಯ ರಾಜ್ಯಪಾಲ ಮೆಲ್ ಕಾರ್ನಾಹಾನ್ ಸೆನೆಟ್ ಚುನಾವಣೆಯ ಪ್ರಚಾರಕ್ಕೆ ತೆರಳುತ್ತಿದ್ದ ಸೆಸ್ನಾ 335 ವಿಮಾನ ಕೆಟ್ಟ ಹವಾಮಾನದಲ್ಲಿ ಪತನಗೊಂಡಿತು. ಅವರೂ, ವಿಮಾನ ನಡೆಸುತ್ತಿದ್ದ ಅವರ ಮಗನೂ, ಸಹಾಯಕರೊಬ್ಬರೂ ಮೃತರಾದರು. ಮುಖ್ಯ ಕೃತಕ ದಿಗಂತ ಕೆಟ್ಟಿದೆಯೆಂದು ಪೈಲಟ್ ನಿಯಂತ್ರಕರಿಗೆ ತಿಳಿಸಿದ್ದರು. ದಿಗ್ಭ್ರಮೆಯಿಂದ ವಿಮಾನದ ಮೇಲಿನ ಹಿಡಿತ ತಪ್ಪಿದ್ದೇ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಕೃತಕ ದಿಗಂತದ ವೈಫಲ್ಯ ಮತ್ತು ಹವಾಮಾನವನ್ನು ಪೂರಕ ಅಂಶಗಳೆಂದು ಹೆಸರಿಸಿತು. ದೋಷವನ್ನು ಗುರುತಿಸಿ ವರದಿ ಮಾಡಿದ ಮೇಲೂ ಗಂಡಾಂತರ ಮುಗಿಯಲಿಲ್ಲವೆಂಬುದು ಈ ಪ್ರಕರಣದ ಗಮನಾರ್ಹ ಸಂಗತಿ. ಮತಪತ್ರ ಬದಲಿಸುವ ಅವಧಿ ಮೀರಿದ್ದರಿಂದ ಕಾರ್ನಾಹಾನ್ ಹೆಸರು ಕಣದಲ್ಲಿಯೇ ಉಳಿದು, ಅವರು ಮರಣಾನಂತರ ಚುನಾಯಿತರಾದರು.

ತರಬೇತಿ ಮತ್ತು ಪರ್ಯಾಯಗಳು

ಉಪಕರಣ ಹಾರಾಟದ ತರಬೇತಿಯಲ್ಲಿ ಬೋಧಕರು ಎರಡು ಗೈರೊ ಉಪಕರಣಗಳ ಮೇಲೆ ರಬ್ಬರಿನ ಬಿಲ್ಲೆ ಅಂಟಿಸಿ ಅಭ್ಯಾಸ ಮಾಡಿಸುವುದುಂಟು. ಇದು ಉಳಿದ ಉಪಕರಣಗಳಿಂದ ಹಾರುವುದನ್ನು ಕಲಿಸುತ್ತದೆಯೇ ಹೊರತು ಸುಳ್ಳು ಹೇಳುತ್ತಿರುವ ಉಪಕರಣವನ್ನು ಪತ್ತೆಹಚ್ಚುವುದನ್ನಲ್ಲ. ಆ ಪಾಠಕ್ಕೆ ನಿಧಾನ ವೈಫಲ್ಯವನ್ನು ಅನುಕರಿಸಬಲ್ಲ ಸಿಮ್ಯುಲೇಟರ್ ಹೆಚ್ಚು ಸೂಕ್ತ.

ಹೆಚ್ಚುವರಿ ವ್ಯಾಕ್ಯೂಮ್ ಪಂಪು ಅಥವಾ ವಿದ್ಯುಚ್ಚಾಲಿತ ಎರಡನೆಯ ಕೃತಕ ದಿಗಂತವನ್ನು ಅಳವಡಿಸುವುದು ಹಳೆಯ ವಿಮಾನಗಳಿಗೆ ಇರುವ ಪರಿಹಾರಗಳು. ಹೊಸ ಲಘು ವಿಮಾನಗಳ ಪರದೆಯ ಫಲಕಗಳಲ್ಲಿ ತಿರುಗುವ ಗೈರೊಗಳ ಬದಲು ಎಲೆಕ್ಟ್ರಾನಿಕ್ ಸಂವೇದಕಗಳಿವೆ. ಇಂತಹ ಸಂವೇದಕಗಳು ತಮ್ಮ ದೋಷವನ್ನು ತಾವೇ ಪತ್ತೆಹಚ್ಚಿದಾಗ ಪರದೆಯ ಮೇಲೆ ಕೆಂಪು ಗುಣಾಕಾರ ಚಿಹ್ನೆ ಮೂಡುತ್ತದೆ.