ಮಿಲ್ಕಿಂಗ್ ಪಾರ್ಲರ್‌ಗೆ ಎಂಥ ಗೇಟು ಹಾಕಿಸಬೇಕು?



ಎಂಟು, ಹತ್ತು ಹಸು ಸಾಕುವವರಲ್ಲಿ ಕೆಲವರು ರಾಸುಗಳನ್ನು ಕಟ್ಟಿಹಾಕದೆ, ಬೇಲಿ ಹಾಕಿದ ಕೊಟ್ಟಿಗೆಯಲ್ಲಿ ಬಿಟ್ಟು ಸಾಕುತ್ತಾರೆ. ಹಾಲು ಕರೆಯುವುದಕ್ಕೆ ಮಾತ್ರ ಬೇರೆ ಜಾಗ ಮಾಡಿಕೊಳ್ಳುತ್ತಾರೆ. ಇದನ್ನೇ ಮಿಲ್ಕಿಂಗ್ ಪಾರ್ಲರ್ ಎನ್ನುತ್ತೇವೆ. ಇದನ್ನು ಕಟ್ಟಿಸುವಾಗ ಯಂತ್ರ ಯಾವುದು, ನೆಲ ಹೇಗಿರಬೇಕು ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಗೇಟಿನ ವಿಷಯ ಬಂದರೆ ಮಾತ್ರ "ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುತ್ತಾರೆ ಬಿಡಿ" ಎಂದು ಸುಮ್ಮನಾಗುತ್ತೇವೆ.

ಒಂದು ಲೆಕ್ಕ ಹಾಕಿ ನೋಡಿ. ಒಂದು ಹಸು ಒಳಗೆ ಬರಲು ಗೇಟು ತೆಗೆದು ಮುಚ್ಚಬೇಕು. ಹೊರಗೆ ಹೋಗಲು ಇನ್ನೊಂದನ್ನು ತೆಗೆದು ಮುಚ್ಚಬೇಕು. ಹಸುವೊಂದಕ್ಕೆ 4 ಸಲ ಕೈ ಹಾಕಿದಂತಾಯಿತು. 10 ಹಸುಗಳನ್ನು ಒಂದೊಂದಾಗಿ ಎರಡು ಹೊತ್ತು ಕರೆದರೆ ದಿನಕ್ಕೆ 80 ಸಲ. ಗೇಟು ಭಾರವಿದ್ದರೆ, ಚಿಲಕ ಬಿಗಿಯಿದ್ದರೆ ಅಷ್ಟೂ ಸಲ ನೋಯುವುದು ನಿಮ್ಮ ಭುಜ, ನಿಮ್ಮ ಸೊಂಟ. ಆದ್ದರಿಂದ ಗೇಟು ಹೇಗಿರಬೇಕು ಎಂದು ಹೇಳಬೇಕಾದವರು ದಿನಾ ಕರೆಯುವ ನೀವೇ.

ಗೇಟಿಗೂ ಹಾಲಿಗೂ ಏನು ಸಂಬಂಧ?

ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಸು ಸೊರೆ ಬಿಡುತ್ತದೆ. ಇದರ ಪರಿಣಾಮ ಇರುವುದು ಕೆಲವೇ ನಿಮಿಷ. ಬೆದರಿದ ಹಸುವಿನಲ್ಲಿ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಹೆಚ್ಚಿ ಈ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಗೇಟು ಧಡ್ ಎಂದು ಬಡಿದರೆ, ಪಕ್ಕೆಗೆ ಚಿಲಕ ತಾಗಿದರೆ, ಬಾಗಿಲಲ್ಲಿ ಕಾಲು ಜಾರಿದರೆ ಹಸು ಹೆದರಿಕೊಂಡೇ ಒಳಗೆ ಬರುತ್ತದೆ. ಹಾಲು ಪೂರ್ತಿ ಇಳಿಯುವುದಿಲ್ಲ. ಇಂದು ಪೆಟ್ಟು ತಿಂದ ಬಾಗಿಲಿಗೆ ನಾಳೆ ಅದು ಸುಲಭವಾಗಿ ಕಾಲಿಡುವುದೂ ಇಲ್ಲ.

ಬರುವುದಕ್ಕೆ ಒಂದು, ಹೋಗುವುದಕ್ಕೆ ಒಂದು

ಒಂದೇ ಬಾಗಿಲಿದ್ದರೆ ಕರೆದ ಹಸುವನ್ನು ಹಿಂದಕ್ಕೆ ನಡೆಸಬೇಕು ಅಥವಾ ಇಕ್ಕಟ್ಟಿನಲ್ಲಿ ತಿರುಗಿಸಬೇಕು. ಅಷ್ಟರಲ್ಲಿ ಕಾಯುತ್ತಿರುವ ಹಸು ಎದುರಿಗೆ ಬಂದಿರುತ್ತದೆ. ನಡುವೆ ಸಿಕ್ಕಿಕೊಳ್ಳುವವರು ನೀವು. ಜಾಗ ಇರುವವರು ಹಿಂದಿನಿಂದ ಬಂದು ಮುಂದಿನಿಂದ ಹೋಗುವ ಹಾಗೆ ಎರಡು ದಾರಿ ಮಾಡಿಸಿ. ಹೊರಗೆ ಹೋದ ತಕ್ಷಣ ತಿರುವು ಬೇಡ. ಒಂದು ಹಸುವಿನ ಉದ್ದದಷ್ಟಾದರೂ ನೇರ ದಾರಿ ಇರಲಿ.

ಹೊರಗಿನ ದಾರಿ ಹಸಿ ಮೇವು ಮತ್ತು ನೀರಿನ ಕಡೆಗೆ ಹೋಗಲಿ. ಕರೆದ ಮೇಲೆ ಮೊಲೆಯ ತೂತು ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಮೇಯುತ್ತಾ ನಿಂತರೆ ಹಸು ಸಗಣಿ ನೆಲದಲ್ಲಿ ಮಲಗುವುದಿಲ್ಲ. ಕೆಚ್ಚಲು ಬಾವಿನ ಭಯ ಕಡಿಮೆಯಾಗುತ್ತದೆ.

ಯಾವ ಬಗೆಯ ಗೇಟು?

ಒಳಗೆ ಬರುವ ಕಡೆ ಪಕ್ಕಕ್ಕೆ ಸರಿಯುವ ಗೇಟು ಅನುಕೂಲ. ಕೀಲಿನ ಗೇಟನ್ನು ಹೊರಕ್ಕೆ ತೆರೆಯಬೇಕೆಂದರೆ ಕಾಯುತ್ತಿರುವ ಹಸುಗಳನ್ನು ತಳ್ಳಬೇಕಾಗುತ್ತದೆ. ಒಳಕ್ಕೆ ತೆರೆದರೆ ಒಳಗೆ ಬಂದ ಹಸುವಿನ ಹಿಂಭಾಗಕ್ಕೆ ಬಡಿಯುತ್ತದೆ. ಸರಿಯುವ ಗೇಟಿಗೆ ಈ ತೊಂದರೆ ಇಲ್ಲ. ಆದರೆ ಅದರ ಚಕ್ರಗಳು ಮೇಲಿನ ಪಟ್ಟಿಯಲ್ಲಿ ಓಡಲಿ. ನೆಲದಲ್ಲಿ ಕಾಲುವೆ ಮಾಡಿ ಚಕ್ರ ಕೂರಿಸಿದರೆ ಸಗಣಿ ತುಂಬಿ ಗೇಟು ಸಿಕ್ಕಿಕೊಳ್ಳುತ್ತದೆ.

ಹೊರಗೆ ಹೋಗುವ ಕಡೆ ಕೀಲಿನ ಗೇಟು ಸಾಕು. ಖರ್ಚೂ ಕಡಿಮೆ. ಅದು ಹಸು ಹೋಗುವ ದಿಕ್ಕಿಗೇ ತೆರೆಯಬೇಕು. ಹಸು ಎದೆಯಿಂದ ಒತ್ತಿ ನಿಲ್ಲುವುದು ಈ ಗೇಟಿಗೇ. ಆದ್ದರಿಂದ ಚಿಲಕ ಗಟ್ಟಿಯಾಗಿರಲಿ, ಒತ್ತಡ ಇದ್ದಾಗಲೂ ಬಿಚ್ಚಿಕೊಳ್ಳುವಂತಿರಲಿ. ಅದನ್ನು ತೆಗೆಯಲು ನೀವು ಹಸುವಿನ ಮುಂದೆ ಹೋಗಬಾರದು. ನಿಂತಲ್ಲಿಂದಲೇ ಎಳೆಯಲು ಹಗ್ಗ ಮತ್ತು ರಾಟೆ ಹಾಕಿಸಿ.

ಮೇಲಕ್ಕೆ ಎತ್ತುವ ಗೇಟು ಜಾಗ ಉಳಿಸುತ್ತದೆ ನಿಜ. ಆದರೆ ಹಗ್ಗ ಕೈಜಾರಿದರೆ ಹಸುವಿನ ಬೆನ್ನ ಮೇಲೋ ನಿಮ್ಮ ಕೈ ಮೇಲೋ ಬೀಳುತ್ತದೆ. ಚಿಕ್ಕ ಪಾರ್ಲರ್‌ಗೆ ಅದು ಬೇಡ. ಗಾಳಿಯ ಒತ್ತಡದಿಂದ ನಡೆಯುವ ಗೇಟು ದೊಡ್ಡ ಫಾರಂಗಳಿಗೆ ಸರಿ. ಹಾಕಿಸುವುದಾದರೆ ಕರೆಂಟು ಹೋದಾಗ ಕೈಯಿಂದ ತೆಗೆಯಲು ಬರುತ್ತದೆಯೇ ಎಂದು ಮೊದಲೇ ಕೇಳಿ.

ಅಂಗಡಿಯವರಿಗೆ ಹೇಳಬೇಕಾದ್ದು

* ಒಂದೇ ಹಸು ಹೋಗುವ ಬಾಗಿಲಿಗೆ ಎರಡೂವರೆಯಿಂದ ಮೂರು ಅಡಿ ಅಗಲ ಸಾಕು. ಹೆಚ್ಚು ಬಿಟ್ಟರೆ ಎರಡು ಹಸು ಒಟ್ಟಿಗೆ ನುಗ್ಗುತ್ತವೆ, ಅಥವಾ ಒಂದೇ ಹಸು ಅರ್ಧಕ್ಕೆ ತಿರುಗಿ ನಿಲ್ಲುತ್ತದೆ. ನಿಮ್ಮಲ್ಲಿರುವ ದೊಡ್ಡ ಹಸುವಿನ ಹೊಟ್ಟೆಯ ಅಗಲ ನೋಡಿಕೊಂಡು ಅಳತೆ ಕೊಡಿ.
* ಗೇಟಿನ ಎತ್ತರ ಸುಮಾರು ನಾಲ್ಕು ಅಡಿ ಇರಲಿ. ನೀರು ಹಾಕಿ ತೊಳೆಯಲು ಕೆಳಗೆ ಜಾಗ ಬಿಡಿ.
* ಕೊಳವೆಯ ಬಾಯಿ ಮುಚ್ಚಿರಲಿ. ಬೋಲ್ಟಿನ ತುದಿ ಹಸು ಹೋಗುವ ಕಡೆ ಚಾಚಿರಬಾರದು.
* ಚಿಲಕ ಒಂದೇ ಕೈಯಲ್ಲಿ ತೆಗೆಯಲು ಬರಬೇಕು. ಸೆರಗು, ಬಳೆ ಸಿಕ್ಕಿಕೊಳ್ಳುವ ಕೊಕ್ಕೆ ಬೇಡ.
* ಗೇಟು ಬಡಿಯುವ ಕಡೆ ಹಳೇ ಟೈರಿನ ತುಂಡು ಹಾಕಿಸಿ. ಸದ್ದು ಬರುವುದಿಲ್ಲ.
* ಕಬ್ಬಿಣದ ಕೆಲಸಕ್ಕೆ ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ದರ ಹೇಳುತ್ತಾರೆ. ಬೇಡದ ತೂಕ ಹಾಕಿಸಿದರೆ ದುಡ್ಡೂ ಹೆಚ್ಚು, ಕೈಗೂ ಭಾರ.

ನಿಮ್ಮ ಜೀವ ಮೊದಲು

ಮಿಶ್ರತಳಿ ಹಸುವೊಂದು 400 ಕಿಲೋ ದಾಟಿ ತೂಗಬಹುದು. ಅದು ಗೋಡೆಗೆ ಒತ್ತಿದರೆ ಎಂಥವರಿಗೂ ತಡೆಯಲಾಗದು. ಆದ್ದರಿಂದ ನೀವು ಓಡಾಡುವ ಕಡೆ 14ರಿಂದ 16 ಅಂಗುಲದ ಒಂದು ಸಂದಿ ಬಿಡಿಸಿ. ಅದರಲ್ಲಿ ನೀವು ಪಕ್ಕಕ್ಕೆ ತಿರುಗಿ ತೂರಿಕೊಳ್ಳಬಹುದು, ಹಸು ಬರಲಾಗದು.

ಇನ್ನೊಂದು ಮುಖ್ಯ ವಿಷಯ ಕರೆಂಟು. ಯಂತ್ರದ ಮೋಟರಿನಿಂದ ಕರೆಂಟು ಸೋರಿ ಕಬ್ಬಿಣದ ಗೇಟಿಗೆ ಬಂದರೆ ನಮಗೆ ಗೊತ್ತಾಗುವ ಮೊದಲೇ ಹಸುವಿಗೆ ಗೊತ್ತಾಗುತ್ತದೆ. ದಿನಾ ಬರುತ್ತಿದ್ದ ಹಸು ಇದ್ದಕ್ಕಿದ್ದಂತೆ ಗೇಟಿನ ಬಳಿ ನಿಂತುಬಿಟ್ಟರೆ ಹೊಡೆಯಬೇಡಿ. ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ಮೊದಲು ಬಿದಿರು, ಆಮೇಲೆ ಕಬ್ಬಿಣ

ವೆಲ್ಡಿಂಗ್ ಅಂಗಡಿಗೆ ಮುಂಗಡ ಕೊಡುವ ಮೊದಲು ಗೇಟು ಬರುವ ಜಾಗದಲ್ಲಿ ಬಿದಿರು ಗಳ ಕಟ್ಟಿ ಒಂದು ವಾರ ಹಸುಗಳನ್ನು ನಡೆಸಿ ನೋಡಿ. ಎಲ್ಲಿ ನಿಲ್ಲುತ್ತವೆ, ಎಲ್ಲಿ ಜಾರುತ್ತವೆ, ನಿಮ್ಮ ಕೈ ಎಲ್ಲಿಗೆ ಎಟಕುವುದಿಲ್ಲ ಎಂಬುದು ಗೊತ್ತಾಗುತ್ತದೆ. ಗಳ ಬಿಚ್ಚಿ ಬೇರೆ ಕಡೆ ಕಟ್ಟಲು ಖರ್ಚಿಲ್ಲ. ಕಾಂಕ್ರೀಟಿನಲ್ಲಿ ಹೂತ ಕಂಬ ಕೀಳಲು ಮತ್ತೆ ದುಡ್ಡು ಬೇಕು.

ಬಾಗಿಲಲ್ಲಿ ಮೆಟ್ಟಿಲು, ಅಡ್ಡ ಚರಂಡಿ ಇದ್ದರೆ ಹಸು ತಲೆ ಬಗ್ಗಿಸಿ ನಿಂತುಬಿಡುತ್ತದೆ. ಅವನ್ನು ತಪ್ಪಿಸಿ. ನಸುಕಿನಲ್ಲಿ ಕರೆಯುವವರು ಒಳಗೆ ದೀಪ ಹಾಕಿ. ಹಸು ಬೆಳಕಿನಿಂದ ಕತ್ತಲೆಗೆ ಬರಲು ಹಿಂಜರಿಯುತ್ತದೆ, ಕತ್ತಲೆಯಿಂದ ಬೆಳಕಿಗೆ ಸುಲಭವಾಗಿ ಬರುತ್ತದೆ.

ಹೊಸ ಗೇಟು ಹಾಕಿದ ಮೇಲೆ ಮೂರ್ನಾಲ್ಕು ದಿನ ಅದನ್ನು ತೆರೆದೇ ಇಡಿ. ಒಳಗೆ ಒಂದು ಹಿಡಿ ಪಶು ಆಹಾರ ಇಟ್ಟು ಹಸುಗಳು ತಾವಾಗಿ ಬಂದುಹೋಗಲು ಬಿಡಿ. ಚೊಚ್ಚಲ ಗಬ್ಬದ ಪಡ್ಡೆಗಳನ್ನೂ ಕರು ಹಾಕುವ ಮೊದಲೇ ಹೀಗೆ ಓಡಾಡಿಸಿ. ಆಮೇಲೆ ವಾರಕ್ಕೊಮ್ಮೆ ಕೀಲಿಗೆ ಎಣ್ಣೆ ಬಿಟ್ಟರೆ ಆಯಿತು.

ಎರಡು ಮೂರು ಹಸು ಕಟ್ಟಿ ಸಾಕುವವರಿಗೆ ಇಷ್ಟೆಲ್ಲ ಬೇಕಿಲ್ಲ. ಬಾಗಿಲ ನೆಲ ಜಾರದಂತೆ ಮಾಡಿ, ಚೂಪು ಅಂಚು ತೆಗೆಸಿ, ಕರೆದ ಮೇಲೆ ಮೇವು ಹಾಕಿದರೆ ಸಾಕು. ಪಾರ್ಲರ್ ಕಟ್ಟಿಸುವ ಯೋಚನೆ ಇರುವವರು ಈ ಪುಟವನ್ನು ತೆಗೆದಿಟ್ಟುಕೊಂಡು, ಅಂಗಡಿಯವರು ಅಳತೆ ತೆಗೆಯಲು ಬಂದಾಗ ನೀವೇ ಮುಂದೆ ನಿಂತು ಹೇಳಿ.