ಹಸಿ ಹುರುಳಿಕಾಯಿಯನ್ನು ಕುದಿನೀರಿನಲ್ಲಿ ಅದ್ದಿ ಹಿಮಗಟ್ಟಿಸಿ ಇಡುವ ಕ್ರಮ

ಪೇಟೆಗಳಲ್ಲಿ ಬೀನ್ಸ್ ಎಂಬ ಹೆಸರಿನಿಂದ ಮಾರಾಟವಾಗುವ ಹುರುಳಿಕಾಯಿಯು ಬಿತ್ತಿದ ಐವತ್ತು ಅರುವತ್ತು ದಿನಗಳಲ್ಲಿ ಕೊಯ್ಲಿಗೆ ಬರುವುದು. ಗಿಡಜಾತಿಯ ಬೆಳೆಯಲ್ಲಿ ಕಾಯಿಗಳೆಲ್ಲವೂ ಕೆಲವೇ ವಾರಗಳೊಳಗೆ ಒಟ್ಟೊಟ್ಟಿಗೆ ಬಲಿಯುವುದರಿಂದ, ಧಾರಣೆ ಕುಸಿದ ವಾರದಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ಕಾಯಿಯನ್ನು ದನಗಳ ಮುಂದೆ ಸುರಿಯುವುದುಂಟು. ಹೀಗೆ ಸುರಿದ ಮನೆಯವರೇ ಕೆಲವು ತಿಂಗಳ ತರುವಾಯ ಅದೇ ಕಾಯಿಯನ್ನು ಹೆಚ್ಚಿನ ಬೆಲೆ ತೆತ್ತು ಸಂತೆಯಲ್ಲಿ ಕೊಳ್ಳುವುದೂ ಉಂಟು.

ಭದ್ರಾ ನಾಲೆಯ ನೀರುಂಟಾದ ಚನ್ನಗಿರಿ, ಹೊನ್ನಾಳಿ ಸೀಮೆಗಳಲ್ಲಾಗಲಿ, ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯಲ್ಲಾಗಲಿ, ಕೊಳವೆಬಾವಿಯನ್ನೇ ನೆಚ್ಚಿದ ಜಗಳೂರಿನಲ್ಲಾಗಲಿ, ಅನುಕೂಲವಂತರ ಮನೆಗಳಲ್ಲಿ ಫ್ರೀಜರುಗಳು ಈಗ ಅಪರೂಪವಲ್ಲ. ಆದರೂ ಹಸಿಕಾಯಿಯನ್ನು ಹಾಗೆಯೇ ಅದರೊಳಗಿಟ್ಟವರಿಗೆ, ಅದು ಕೆಲವು ವಾರಗಳಲ್ಲಿಯೇ ಬಣ್ಣಗೆಟ್ಟು ಒಣಹುಲ್ಲಿನ ವಾಸನೆ ಹಿಡಿಯುವುದೆಂಬ ಅನುಭವವಾಗುವುದು. ಇದು ಯಂತ್ರದ ದೋಷವಲ್ಲ. ಕಾಯಿಯನ್ನು ಬಲಿಯಿಸುವ ಕಿಣ್ವಗಳೆಂಬ ಪದಾರ್ಥಗಳು ಗಿಡದಿಂದ ಬಿಡಿಸಿದ ಮೇಲೆಯೂ ಕೆಲಸ ನಿಲ್ಲಿಸುವುದಿಲ್ಲ; ಶೈತ್ಯವು ಅವುಗಳನ್ನು ಮಂದಗೊಳಿಸುವುದೇ ಹೊರತು ನಾಶಮಾಡಲಾರದು. ನಾಶಮಾಡತಕ್ಕದ್ದು ಶಾಖ. 1920ರ ದಶಕದಲ್ಲಿ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬುವರು ಆಹಾರವನ್ನು ಶೀಘ್ರವಾಗಿ ಹಿಮಗಟ್ಟಿಸುವ ಪದ್ಧತಿಯನ್ನು ವ್ಯಾಪಾರಕ್ಕೆ ತಂದರು. ತರಕಾರಿಗಳಿಗೆ ಮೊದಲು ಶಾಖವನ್ನು ಕೊಟ್ಟಲ್ಲದೆ ಈ ಪದ್ಧತಿಯು ಚೆನ್ನಾಗಿ ಫಲಿಸದು.

ಕಾಯಿಯು ಎಳೆಯದಾಗಿಯೂ, ಮುರಿದರೆ ಸದ್ದಾಗುವಂತೆಯೂ ಇರಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುವಿಧಾ ಎಂಬ ನಾರಿಲ್ಲದ ತಳಿಯು ಈ ಕೆಲಸಕ್ಕೆ ಒಪ್ಪುವುದು. ಔಷಧಿ ಸಿಂಪಡಿಸಿದ್ದಲ್ಲಿ, ಅದರ ಚೀಟಿಯ ಮೇಲೆ ಕಾಣಿಸಿದಷ್ಟು ದಿನ ಕಳೆಯದೆ ಕಾಯಿಯನ್ನು ಬಿಡಿಸಕೂಡದು. ತಂಪುಹೊತ್ತಿನಲ್ಲಿ ಬಿಡಿಸಿ, ತೊಳೆದು, ತೊಟ್ಟು ತುದಿಗಳನ್ನು ತೆಗೆದು, ಎರಡು ಅಂಗುಲದ ತುಂಡುಗಳನ್ನಾಗಿ ಮಾಡಿ ಅದೇ ದಿನ ಕೆಲಸ ಮುಗಿಸತಕ್ಕದ್ದು.

ನಾಲ್ಕು ಲೀಟರ್ ನೀರನ್ನು ಬುರುಬುರನೆ ಕುದಿಸಿ, ಅರ್ಧ ಕಿಲೋಗ್ರಾಮಿಗೆ ಮೀರದಷ್ಟು ತುಂಡುಗಳನ್ನು ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮುಳುಗಿಸಿ, ಮುಚ್ಚಳ ಮುಚ್ಚಬೇಕು. ಒಂದು ನಿಮಿಷದೊಳಗೆ ನೀರು ಮರಳಿ ಕುದಿಯದಿದ್ದರೆ ಕಾಯಿ ಹೆಚ್ಚಾಯಿತೆಂದು ತಿಳಿಯುವುದು. ಮರಳಿ ಕುದಿ ಬಂದ ಕ್ಷಣದಿಂದ ಗಡಿಯಾರ ನೋಡಿ ಮೂರು ನಿಮಿಷ ಎಣಿಸತಕ್ಕದ್ದು. ಇದರಲ್ಲಿ ಅಂದಾಜು ಸಲ್ಲದು. ಅರೆಶಾಖವು ಕಿಣ್ವಗಳನ್ನು ಕೊಲ್ಲುವುದರ ಬದಲು ಕೆರಳಿಸುವುದರಿಂದ, ಒಂದು ನಿಮಿಷ ಅದ್ದಿ ತೆಗೆದ ಕಾಯಿಯು ಏನೂ ಮಾಡದೆ ಇಟ್ಟ ಕಾಯಿಗಿಂತಲೂ ಕೆಡುವುದು. ಹೆಚ್ಚು ಹೊತ್ತು ಬಿಟ್ಟರೆ ರುಚಿಯೂ ಜೀವಸತ್ವಗಳೂ ನೀರುಪಾಲು. ಸಮುದ್ರಮಟ್ಟಕ್ಕಿಂತ 1,500 ಮೀಟರಿಗೂ ಎತ್ತರವಾದ ಸ್ಥಳಗಳಲ್ಲಿ ಒಂದು ನಿಮಿಷ ಹೆಚ್ಚಿಸಬೇಕೆಂಬ ನಿಯಮವುಂಟು. ಈ ನಾಲ್ಕು ತಾಲ್ಲೂಕುಗಳಿಗೆ ಅದು ಅನ್ವಯಿಸದು.

ಕುದಿನೀರಿನಿಂದ ತೆಗೆದೊಡನೆ ಅಷ್ಟೇ ಹೊತ್ತು ತಣ್ಣೀರಿನಲ್ಲಿ ಮುಳುಗಿಸಿ ಬೇಯುವುದನ್ನು ತಡೆಯಬೇಕು. ಬಹುಮಂದಿ ತಪ್ಪುವುದು ಇಲ್ಲಿಯೇ. ಈ ನೀರು 15 ಡಿಗ್ರಿ ಸೆಂಟಿಗ್ರೇಡಿಗಿಂತ ಬೆಚ್ಚಗಿರಬಾರದು. ನಮ್ಮ ಬಾವಿಯ ನೀರು, ಅದರಲ್ಲಿಯೂ ಬೇಸಗೆಯಲ್ಲಿ, ಅಷ್ಟು ತಂಪಾಗಿರುವುದಿಲ್ಲವಾದ್ದರಿಂದ ಮೊದಲು ಬಾವಿಯ ನೀರಿನಲ್ಲಿ ಅದ್ದಿ, ಬಳಿಕ ಮಂಜುಗಡ್ಡೆ ಬೆರೆಸಿದ ನೀರಿಗೆ ಹಾಕುವುದು ಲೇಸು. ಒಂದು ಕಿಲೋ ಕಾಯಿಗೆ ಸುಮಾರು ಒಂದು ಕಿಲೋ ಮಂಜುಗಡ್ಡೆ ಬೇಕಾಗುವುದು. ಅದನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಬೇಕು.

ಆರಿದ ತುಂಡುಗಳನ್ನು ಬಟ್ಟೆಯ ಮೇಲೆ ಹರಡಿ ತೇವವನ್ನು ಒರಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹಿಮಗಟ್ಟಿಸಿ, ಅನಂತರ ದಪ್ಪ ಚೀಲಗಳಲ್ಲಿ ಗಾಳಿಯನ್ನು ಹೊರಡಿಸಿ ಕಟ್ಟಬೇಕು. ಇಲ್ಲವಾದರೆ ಎಲ್ಲವೂ ಒಂದೇ ಗಡ್ಡೆಯಾಗಿ, ಒಂದು ಹೊತ್ತಿನ ಪಲ್ಯಕ್ಕಾಗಿ ಇಡೀ ಚೀಲವನ್ನೇ ಕರಗಿಸಬೇಕಾಗುವುದು. 200 ಲೀಟರಿನ ಫ್ರೀಜರಿಗೆ ಒಂದು ದಿನದಲ್ಲಿ ಏಳೆಂಟು ಕಿಲೋಗಿಂತ ಹೆಚ್ಚು ಹೊಸ ಕಾಯಿಯನ್ನು ತುಂಬಬಾರದು. ಶೈತ್ಯವು ಸೊನ್ನೆಗಿಂತ 18 ಡಿಗ್ರಿ ಕೆಳಗೆ ನಿಂತಲ್ಲಿ ಎಂಟರಿಂದ ಹನ್ನೆರಡು ತಿಂಗಳು ಕಾಯಿಯ ಗುಣ ಉಳಿಯುವುದು. ಒಂದೇ ಬಾಗಿಲಿನ ಸಾಧಾರಣ ಫ್ರಿಜ್ಜಿನ ಮಂಜುಗಡ್ಡೆಯ ಗೂಡು ಸಾಮಾನ್ಯವಾಗಿ ಅಷ್ಟು ತಣ್ಣಗಾಗುವುದಿಲ್ಲ. ಅದನ್ನು ನಂಬಿ ತಿಂಗಳುಗಟ್ಟಲೆ ಇಡುವುದು ಸರಿಯಲ್ಲ.

ಈ ಕೆಲಸವು ಬಹುಮಟ್ಟಿಗೆ ಹೆಂಗಸರ ಕೈಯಲ್ಲಿ ನಡೆಯುವುದಾದರೂ, ಫ್ರೀಜರ್ ಕೊಳ್ಳುವ ಮೊದಲು ಯಜಮಾನರು ವಿಚಾರಮಾಡತಕ್ಕ ಸಂಗತಿ ವಿದ್ಯುತ್ತು. ತುಂಬಿದ ಫ್ರೀಜರು, ಬಾಗಿಲು ತೆರೆಯದಿದ್ದಲ್ಲಿ, ವಿದ್ಯುತ್ತಿಲ್ಲದೆ ಸುಮಾರು 48 ಗಂಟೆ ಶೈತ್ಯವನ್ನು ಹಿಡಿದಿಡುವುದು. ಅರ್ಧ ತುಂಬಿದ್ದು 24 ಗಂಟೆ. ಮಳೆಗಾಲದಲ್ಲಿ ಕಂಬ ಬಿದ್ದು ಎರಡು ಮೂರು ದಿನ ವಿದ್ಯುತ್ತು ಬಾರದ ಹಳ್ಳಿಗಳಲ್ಲಿ ಇದನ್ನು ಎಣಿಸಿಯೇ ಹಣ ಹಾಕಬೇಕು. ಒಂದು ಲೋಟ ನೀರನ್ನು ಹಿಮಗಟ್ಟಿಸಿ ಅದರ ಮೇಲೆ ನಾಣ್ಯವೊಂದನ್ನು ಇಟ್ಟು ಫ್ರೀಜರಿನಲ್ಲಿಯೇ ಬಿಟ್ಟಿದ್ದರೆ, ಮನೆಯವರು ಊರಿನಲ್ಲಿ ಇಲ್ಲದಾಗ ನಡೆದುದೂ ತಿಳಿಯುವುದು: ನಾಣ್ಯವು ತಳ ಸೇರಿದ್ದರೆ ಒಳಗಿನದೆಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆಯೆಂದರ್ಥ, ಅಂಥ ಕಾಯಿಯನ್ನು ಉಣ್ಣಬಾರದು.

ವಿದ್ಯುತ್ತು ನೆಚ್ಚಲಾಗದ ಕಡೆ, ಅದೇ ರೀತಿ ಮೂರು ನಿಮಿಷ ಅದ್ದಿದ ಕಾಯಿಯನ್ನು ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಬಿಗಿಮುಚ್ಚಳದ ಡಬ್ಬಿಯಲ್ಲಿ ಇಡಬಹುದು. ಮಜ್ಜಿಗೆ ಉಪ್ಪಿನಲ್ಲಿ ನೆನೆಸಿ ಗೋರಿಕಾಯಿ ಮೆಣಸಿನಕಾಯಿಗಳ ಬಾಳಕ ಮಾಡುವ ಮನೆಗಳಿಗೆ ಇದು ಹೊಸ ವಿದ್ಯೆಯಲ್ಲ. ಜಗಳೂರಿನ ಒಣಹವೆಯೂ ಇದಕ್ಕೆ ಅನುಕೂಲವೇ. ಆದರೆ ಕಾಯಿಯನ್ನು ನೀರಿನೊಡನೆ ಬಾಟಲಿಗೆ ತುಂಬಿ, ಬರಿಯ ಕುದಿನೀರಿನಲ್ಲಿ ಕಾಯಿಸಿ, ಬಿರಡೆ ಹಾಕಿ ಇಡುವ ಪ್ರಯತ್ನವನ್ನು ಎಂದಿಗೂ ಮಾಡಕೂಡದು. ಹುಳಿಯಿಲ್ಲದ ಇಂಥ ಪದಾರ್ಥದಲ್ಲಿ, ಗಾಳಿಯಾಡದ ಕಡೆ, ಬಾಟುಲಿಸಂ ಎಂಬ ಪ್ರಾಣಾಂತಿಕ ರೋಗವನ್ನು ತರುವ ವಿಷ ಹುಟ್ಟಬಹುದು. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಅದು ಗೊತ್ತಾಗದಿರಬಹುದು.

ಹಿಮಗಟ್ಟಿಸಿದ ಕಾಯಿಯು ಬೆಂದ ಕಾಯಿಯಲ್ಲವೆಂಬುದನ್ನು ಅಡಿಗೆಯವರು ಮರೆಯಬಾರದು. ಅದನ್ನು ಹೊರಗಿಟ್ಟು ಕರಗಿಸದೆ ನೇರವಾಗಿ ಕುದಿಯುವ ಸಾರಿಗೋ ಒಗ್ಗರಣೆಗೋ ಹಾಕಿ ಪೂರ್ತಿ ಬೇಯಿಸಬೇಕು; ಹಸಿಕಾಯಿಗಿಂತ ಕೊಂಚ ಬೇಗನೆ ಬೇಯುವುದು.