ಸದಾಶಿವನಗರದ ‘ಯೋಗಿ’

ವಿಂಡೋಸ್ ಎಕ್ಸ್‌ಪಿ ಬಳಸಿದವರಿಗೆ ಆ ನೀಲಿ ಪರದೆ ಇನ್ನೂ ನೆನಪಿರುತ್ತದೆ. ಟೈಪ್ ಮಾಡುತ್ತಿದ್ದ ಪತ್ರ ಅರ್ಧಕ್ಕೇ ಮಾಯ, ಬೈಗುಳವೆಲ್ಲ ಮೈಕ್ರೋಸಾಫ್ಟಿಗೆ. ಲೆಕ್ಕ ಹಾಕಿದಾಗ ಕಂಡದ್ದೇ ಬೇರೆ. ವರದಿಯಾದ ಕುಸಿತಗಳಲ್ಲಿ ಶೇ. 85ರಷ್ಟಕ್ಕೆ ಕಾರಣ ಡ್ರೈವರ್‌ಗಳು, ಅಂದರೆ ಪ್ರಿಂಟರು, ಮೋಡೆಮ್ಮುಗಳ ಜೊತೆ ಬರುವ ಪುಟ್ಟ ಪ್ರೋಗ್ರಾಮುಗಳು. ಅವನ್ನು ಹೆಚ್ಚಾಗಿ ಬರೆಯುತ್ತಿದ್ದವರು ಹೊರಗಿನ ಕಂಪನಿಗಳವರು.

ಡ್ರೈವರ್ ಪಾಲಿಸಬೇಕಾದ ನಿಯಮಗಳೇನೂ ಗಹನವಲ್ಲ. ಹಾಕಿದ ಬೀಗ ತೆಗೆಯಬೇಕು, ಹಾಕಿದ ಬೀಗದ ಮೇಲೆ ಮತ್ತೆ ಹಾಕಬಾರದು. ಪ್ರೋಗ್ರಾಮಿನ ಯಾವ ದಾರಿಯಲ್ಲೂ ಇದು ತಪ್ಪುವುದಿಲ್ಲ ಎಂದು ಹೇಳುವುದು ಮಾತ್ರ ಕಷ್ಟ. ಎಲ್ಲ ಪ್ರೋಗ್ರಾಮುಗಳಿಗೂ ಸಲ್ಲುವಂತೆ ಹೀಗೆ ಹೇಳಬಲ್ಲ ವಿಧಾನ ಇರಲಾರದೆಂದು ಟ್ಯೂರಿಂಗ್ 1936ರಲ್ಲೇ ತೋರಿಸಿದ್ದ. ರೆಡ್ಮಂಡ್‌ನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ ಒಂದು ಅಡ್ಡದಾರಿ ಹಿಡಿದರು. ಪ್ರೋಗ್ರಾಮಿನಿಂದ ಸಂಖ್ಯೆಗಳನ್ನೆಲ್ಲ ತೆಗೆದುಹಾಕಿ, ಹೌದು–ಅಲ್ಲ ಎಂಬ ಉತ್ತರಗಳನ್ನಷ್ಟೇ ಉಳಿಸಿಕೊಳ್ಳುವುದು. ಅದಕ್ಕೆ ‘ಸ್ಲ್ಯಾಮ್’ ಎಂದು ಹೆಸರಿಟ್ಟರು.

ಅವರೇ ಕೊಡುತ್ತಿದ್ದ ಉದಾಹರಣೆ ಇದು. ಒಂದು ಲೂಪ್. ಒಳಗೆ ಬಂದೊಡನೆ ಬೀಗ ಹಾಕಿ, ಪ್ಯಾಕೆಟ್‌ಗಳ ಎಣಿಕೆ ಬರೆದಿಟ್ಟುಕೊಳ್ಳುತ್ತದೆ. ಕೋರಿಕೆ ಇದ್ದರೆ ಬೀಗ ತೆಗೆದು ಎಣಿಕೆಗೆ ಒಂದು ಕೂಡಿಸುತ್ತದೆ. ಎಣಿಕೆ ಬದಲಾಗಿದ್ದರೆ ಇನ್ನೊಂದು ಸುತ್ತು, ಇಲ್ಲವಾದರೆ ಹೊರಬಂದು ಬೀಗ ತೆಗೆಯುತ್ತದೆ. ಸಂಖ್ಯೆ ಕಾಣದ ಸ್ಲ್ಯಾಮ್‌ಗೆ ಮೊದಲು ಗಾಬರಿ: ಕೋರಿಕೆ ಇಲ್ಲದೆ ಬೀಗ ಹಾಗೇ ಉಳಿದು, ಮುಂದಿನ ಸುತ್ತಿನಲ್ಲಿ ಮತ್ತೆ ಬೀಗ ಬೀಳಬಹುದಲ್ಲ! ಆ ದಾರಿಯನ್ನು ಮೂಲ ಪ್ರೋಗ್ರಾಮಿನಲ್ಲಿ ನಡೆದು ನೋಡಿದರೆ ಅದು ಸಾಗುವುದಿಲ್ಲ, ಏಕೆಂದರೆ ಕೋರಿಕೆ ಇಲ್ಲದಿದ್ದರೆ ಎಣಿಕೆ ಬದಲಾಗದು, ಇನ್ನೊಂದು ಸುತ್ತೂ ಇರದು. ಹಾಗಾಗಿ ಒಂದೇ ಒಂದು ಪ್ರಶ್ನೆ ಹೊಸದಾಗಿ ಸೇರುತ್ತದೆ: ಹಳೆಯ ಎಣಿಕೆಯೂ ಈಗಿನದೂ ಒಂದೇನಾ? ಅಷ್ಟಕ್ಕೇ ಇಡೀ ಲೂಪ್ ನಿರ್ದೋಷಿ ಎಂದು ಸಾಬೀತಾಗುತ್ತದೆ. ಯಾವ ಪ್ರಶ್ನೆ ಬೇಕೆಂಬುದನ್ನು ಸುಳ್ಳು ಗಾಬರಿಯೇ ಹೇಳಿಕೊಡುತ್ತದೆ. ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಇದೇ.

ಇದಕ್ಕೆ ಅಡಿಪಾಯವಾದ ಪ್ರಬಂಧ ಬಂದದ್ದು 2001ರಲ್ಲಿ; ಬಾಲ್, ರಾಜಮಣಿ ಜೊತೆ ರೂಪಕ್ ಮಜುಂದಾರ್ ಮತ್ತು ಟಾಡ್ ಮಿಲ್‌ಸ್ಟೈನ್ ಬರೆದದ್ದು. ಬೇರು ಇನ್ನೂ ಹಿಂದಿದೆ: ಹೌದು–ಅಲ್ಲಗಳಿಗೆ ಇಳಿಸುವ ಉಪಾಯ 1997ರಲ್ಲೇ ಸುಸಾನ್ ಗ್ರಾಫ್ ಮತ್ತು ಹಸನ್ ಸೈದಿ ಅವರದು. ಸಿ ಭಾಷೆಯಲ್ಲಿ ಬರೆದ ನಿಜವಾದ ಡ್ರೈವರ್‌ಗಳ ಮೇಲೆ ಅದನ್ನು ಓಡಿಸಿದ್ದು ಸ್ಲ್ಯಾಮ್‌ನವರ ಸಾಧನೆ.

ಮೈಕ್ರೋಸಾಫ್ಟ್ ರಿಸರ್ಚ್ 2005ರಲ್ಲಿ ಬೆಂಗಳೂರಿಗೆ ಬಂತು. ಆಗ ಕಚೇರಿ ಇದ್ದದ್ದು ಸದಾಶಿವನಗರದಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಅಲ್ಲಿಂದ ದೂರವೇನಲ್ಲ. ರಾಜಮಣಿಯೂ ಬಂದರು. ಇಲ್ಲಿ ಕೈಗೆತ್ತಿಕೊಂಡದ್ದು ಸ್ಲ್ಯಾಮ್‌ನದೇ ದೌರ್ಬಲ್ಯ. ಸಾವಿರ ಬಾರಿ ಸುತ್ತುವ ಲೂಪ್, ಅದರ ಆಚೆ ಒಂದು ತಪ್ಪು ಎಂದಿಟ್ಟುಕೊಳ್ಳಿ. ಸೊನ್ನೆಯಾ, ಒಂದಾ, ಎರಡಾ ಎಂದು ಪ್ರಶ್ನೆ ಪೋಣಿಸುತ್ತ ಸ್ಲ್ಯಾಮ್ ಏದುಸಿರು ಬಿಡುತ್ತದೆ. ಸುಮ್ಮನೆ ಒಮ್ಮೆ ಓಡಿಸಿದರೆ? ಸಾವಿರ ಸುತ್ತು ಕಂಪ್ಯೂಟರಿಗೆ ಯಾವ ಲೆಕ್ಕ!

ಆದರೆ ಓಡಿಸಿ ನೋಡುವುದರಿಂದ ತಪ್ಪು ಸಿಗಬಹುದೇ ಹೊರತು ತಪ್ಪಿಲ್ಲವೆಂದು ಹೇಳಲಾಗದು. ಎರಡನ್ನೂ ಜೋಡಿಸಿದ್ದು 2006ರ ‘ಸಿನರ್ಜಿ’: ಭಾರ್ಗವ ಗುಲವಣಿ, ಥಾಮಸ್ ಹೆನ್ಸಿಂಗರ್, ಯಾಮಿನಿ ಕಣ್ಣನ್, ಆದಿತ್ಯ ನೋರಿ ಮತ್ತು ರಾಜಮಣಿ. ಹೌದು–ಅಲ್ಲಗಳಿಗೆ ಇಳಿಸಿದ ಪ್ರೋಗ್ರಾಮೇ ಇಲ್ಲಿ ನಕ್ಷೆ. ಅದರ ಪ್ರಕಾರ ತಪ್ಪಿನವರೆಗೂ ದಾರಿಯಿದೆ, ಓಡಿಸಿ ನೋಡಿದ್ದು ನಡುವೆ ಎಲ್ಲೋ ನಿಂತಿದೆ. ಆ ಗಡಿ ದಾಟಿಸುವ ಇನ್‌ಪುಟ್ ಸಿಕ್ಕರೆ ಮುಂದೆ ಹೋಗುವುದು. ಸಿಗದಿದ್ದರೆ ನಕ್ಷೆಯನ್ನು ಅಲ್ಲಿಯೇ ತಿದ್ದುವುದು. 2008ರಲ್ಲಿ ನೋರಿ, ರಾಜಮಣಿ ಕಾರ್ನೆಗಿ ಮೆಲನ್‌ನ ನೆಲ್ಸ್ ಬೆಕ್‌ಮನ್ ಮತ್ತು ರಾಬರ್ಟ್ ಸಿಮನ್ಸ್ ಜೊತೆ ಇದನ್ನು ಇನ್ನಷ್ಟು ಹಗುರಾಗಿಸಿದರು. ನಕ್ಷೆಯನ್ನು ಎಲ್ಲಿ, ಹೇಗೆ ತಿದ್ದಬೇಕೆಂಬುದನ್ನು ಗಡಿ ದಾಟಲಾಗದ ಪರೀಕ್ಷೆಯೇ ತಿಳಿಸಿಬಿಡುತ್ತದೆ. ಬೇರೆ ಸಾಬೀತು ಯಂತ್ರವನ್ನು ಮತ್ತೆ ಮತ್ತೆ ಕೇಳಬೇಕಿಲ್ಲ. ಈ ಸಲಕರಣೆಗೆ ಇಟ್ಟ ಹೆಸರು ‘ಯೋಗಿ’. ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಪರೀಕ್ಷಕದೊಳಗೂ ಅದು ಸೇರಿತು.

2001ರ ಪ್ರಬಂಧಕ್ಕೆ ಹತ್ತು ವರ್ಷ ತುಂಬಿದ ಮೇಲೆ, 2011ರಲ್ಲಿ, ಅದು ಮಂಡನೆಯಾಗಿದ್ದ ಸಮ್ಮೇಳನದ ಅತಿ ಪ್ರಭಾವಶಾಲಿ ಪ್ರಬಂಧವೆಂಬ ಪ್ರಶಸ್ತಿ ಬಂತು. ಈ ಹತ್ತು ವರ್ಷದ ಕಾಯುವಿಕೆ ನನಗೆ ಇಷ್ಟ; ಒಂದು ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದರೆಂದು ಎಣಿಸಿಬಿಡುವ ಹಾಗಲ್ಲ ಇದು. ಉಲ್ಲೇಖಗಳನ್ನು ಪಟ್ಟಿ ಮಾಡುವ ಯೋಚನೆಯನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟದ್ದು ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಹುಡುಕಲು; ಉಲ್ಲೇಖಗಳಿಂದ ಸಂಶೋಧಕರನ್ನು ಅಳೆಯಲು 2005ರಲ್ಲಿ ಹಿರ್ಶ್ ಕೊಟ್ಟ ಎಚ್-ಸೂಚ್ಯಂಕದ ನಂತರ ಅದು ಬಡ್ತಿಯ ಅರ್ಜಿಯಲ್ಲಿ ತುಂಬುವ ಅಂಕಿಯೂ ಆಗಿಹೋಗಿದೆ. ಉಲ್ಲೇಖಿಸಿದವರು ಆ ಪ್ರಬಂಧವನ್ನು ಏನು ಮಾಡಿದರೆಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಹೊಗಳಿದರೋ, ಸಾಲು ತುಂಬಿಸಿದರೋ, ಕೆಡವಿ ಮತ್ತೆ ಕಟ್ಟಿದರೋ?

ಸ್ಲ್ಯಾಮ್ ವಿಷಯದಲ್ಲಿ ಕೆಡವಿದವರು ಮನೆಯವರೇ. ಬೆಂಗಳೂರಿನ ಅದೇ ಪ್ರಯೋಗಾಲಯದ ಆಕಾಶ್ ಲಾಲ್, ಶಾಜ್ ಕದೀರ್ ಜೊತೆ ಸೇರಿ ‘ಕೋರಲ್’ ಎಂಬ ಇನ್ನೊಂದು ಸಲಕರಣೆಯನ್ನು ಬೆಳೆಸಿದರು. 2014ರ ಹೊತ್ತಿಗೆ ಡ್ರೈವರ್ ಪರೀಕ್ಷಕದಲ್ಲಿ ಸ್ಲ್ಯಾಮ್ ಇದ್ದ ಜಾಗಕ್ಕೆ ಕೋರಲ್ ಬಂದಿತ್ತು. ಆ ಬದಲಾವಣೆಯನ್ನು ವಿವರಿಸುವ ಪ್ರಬಂಧ ಸ್ಲ್ಯಾಮ್ ಅನ್ನು ಉಲ್ಲೇಖಿಸಲೇಬೇಕಾಯಿತು. ಸ್ಲ್ಯಾಮ್‌ನ ಲೆಕ್ಕಕ್ಕೆ ಇನ್ನೊಂದು ಸೇರಿತು.